ರೆಪ್ಪೆಯಿಲ್ಲದ ಕೆಂಪು ಚುಕ್ಕೆ

ಕನ್ನಡಿಯ ಮೇಲಿನ ಕೆಂಪು ಚುಕ್ಕೆ ಹೊತ್ತಿಕೊಂಡಿತು, ಹೊತ್ತಿಕೊಳ್ಳಲಿ, ಎಷ್ಟು ಬೇಕಾದರೂ ನೋಡಲಿ, ಇವತ್ತು ಅವಳಿಗೆ ಹೆದರಿಕೆಯಿಲ್ಲ, ಸ್ಟೀರಿಂಗ್ ಹಿಡಿದ ಅಂಗೈ ಮಾತ್ರ ಬೆವರುತ್ತಿದೆ, ಎದೆ ಇಂಜಿನ್ನಿಗಿಂತ ಮೊದಲೇ ಸ್ಟಾರ್ಟ್ ಆಗಿದೆ — ತಿಂಗಳುಗಟ್ಟಲೆ ಮನೆಯಲ್ಲಿ ಕೂತು ಬಂದ ಬಸ್ ಡ್ರೈವರ್ ಅಲ್ಲವೇ, ಸೀಟು ಕೂಡ ಗುರುತು ಹಿಡಿದು ಕಿರ್ರೆಂದಿತು, ಡ್ರೈವರ್ ನಿದ್ದೆಹೋದರೆ ಕೂಗುವ ಈ ಕ್ಯಾಮೆರಾಕ್ಕೆ ಮಾತ್ರ ಅವಳ ಗುರುತು ಸಿಗುವುದಿಲ್ಲ, ಅದಕ್ಕೆ ಕಾಣುವುದು ಎಡಗಣ್ಣಿನ ರೆಪ್ಪೆಯೊಂದೇ, ಹುಟ್ಟಿನಿಂದಲೇ ಅರ್ಧ ಇಳಿಬಿದ್ದ ರೆಪ್ಪೆ, ಅಜ್ಜಿ ತೋರುಬೆರಳಿನಿಂದ ಅದನ್ನು ಮೆಲ್ಲಗೆ ಎತ್ತಿ ಏಳೇ ನಿದ್ದೆಗಣ್ಣಿ, ಬೆಳಗಾಯ್ತು ಅನ್ನುತ್ತಿದ್ದಳು, ಅಷ್ಟರಲ್ಲಿ ಇವಳದು ಅರ್ಧ ಆಟ ಮುಗಿದಿರುತ್ತಿತ್ತು, ಅಜ್ಜಿಗೂ ಅದು ಗೊತ್ತು, ನಗಿಸುವುದಕ್ಕೆಂದೇ ಎತ್ತುತ್ತಿದ್ದಳು. ಯಂತ್ರಕ್ಕೆಲ್ಲಿಯ ನಗು, ನಿದ್ದೆ ಅಂದಿತು, ಮತ್ತೆ ನಿದ್ದೆ, ಮತ್ತೂ ನಿದ್ದೆ, ಮ್ಯಾನೇಜರು ಕಂಪ್ಯೂಟರಿನಿಂದ ತಲೆಯೆತ್ತದೆ ನಾಳೆಯಿಂದ ಬರ್ಬೇಡಮ್ಮಾ ಅಂದರು, ಸಾರ್, ನನ್ನ ಕಣ್ಣು ಒಂದ್ಸಲ ನೋಡಿ ಸಾರ್, ನಾನ್ಯಾಕಮ್ಮಾ ನೋಡ್ಲಿ, ಕ್ಯಾಮೆರಾ ನೋಡಿದೆಯಲ್ಲ — ಆ ಮಾತಿಗೆ ಉರಿದ ಹೊಟ್ಟೆ ಇನ್ನೂ ಆರಿಲ್ಲ, ಕೆಲಸ ಹೋದದ್ದು ಒಂದು ಕಡೆ, ಎದುರಿಗೇ ನಿಂತವಳ ಮುಖ ನೋಡದೆ ಕಳಿಸಿದರಲ್ಲ.

ಅಬ್ಬಾ, ಅವಳನ್ನು ತೆಗೆದದ್ದು ಸರಿಯೇ ಅಂತ ನಡೆದ ಆ ವಿಚಾರಣೆಯ ದಿನ! ಯೂನಿಯನ್ ಅಣ್ಣ ವಿಚಾರಣಾಧಿಕಾರಿ ಮೇಡಂ ಅವರನ್ನು ಕಚೇರಿಯಿಂದ ಎಬ್ಬಿಸಿ ಸೀದಾ ಡಿಪೋ ಅಂಗಳಕ್ಕೇ ತಂದ, ನಿಂತ ಬಸ್ಸು, ಹತ್ತಿ ಮೇಡಂ, ನೀವೇ ಕೂತ್ಕೊಳ್ಳಿ, ದುಂಡುಕೆನ್ನೆಯ ಮೇಡಂ ದೊಡ್ಡ ಸ್ಟೀರಿಂಗ್ ಹಿಡಿದದ್ದೇ ತಡ ಖುಷಿ ತಡೆಯಲಾರದೆ ನಕ್ಕುಬಿಟ್ಟರು, ನಕ್ಕರೆ ಕಣ್ಣೇ ಕಾಣದು, ಪೀಂ ಪೀಂ, ಕ್ಯಾಮೆರಾ ಕೂಗಿತು, ನಿದ್ದೆ! ಆಮೇಲೆ ಮ್ಯಾನೇಜರ ಸರದಿ, ಎದುರುಬಿಸಿಲಿಗೆ ಕಣ್ಣು ಕಿರಿದಾಯಿತು, ಪೀಂ ಪೀಂ, ಸಾರ್, ನಾಳೆಯಿಂದ ಬರ್ಬೇಡಿ ಅಂತ ಹಿಂದಿನಿಂದ ಯಾರೋ, ಇಡೀ ಅಂಗಳ ಬಿದ್ದು ಬಿದ್ದು ನಕ್ಕಿತು, ಮ್ಯಾನೇಜರೂ. ನಗು ಇಳಿದ ಮೇಲೆ ಮೇಡಂ ಕನ್ನಡಕ ಹಾಕಿಕೊಂಡು ಹತ್ತಿರ ಬಂದರು, ಉಸಿರು ತಾಕುವಷ್ಟು ಹತ್ತಿರ, ಅವಳ ರೆಪ್ಪೆ ನೋಡಿದರು, ಹುಟ್ಟಿಂದ್ಲೇನಮ್ಮಾ, ಹೌದು ಮೇಡಂ, ಕಣ್ಣು ಚೆನ್ನಾಗೇ ಕಾಣುತ್ತೆ, ಡಾಕ್ಟರೂ ನೋಡಿದ್ದಾರೆ, ಹಾಗಾದ್ರೆ ಈ ಯಂತ್ರ ಕಿತ್ತುಹಾಕಿಸ್ಬೇಕಾ, ಬೇಡ ಮೇಡಂ, ಹಿಂದೆ ಕೂತೋರ ಜೀವ ನನ್ನ ಕೈಲಿರುತ್ತೆ, ಅದು ಕೂಗ್ಲಿ, ಶಿಕ್ಷೆ ಕೊಡೋಕ್ಮುಂಚೆ ಮನುಷ್ಯ ಅನ್ನೋನು ಒಬ್ಬ ನನ್ನ ಕೇಳ್ಬೇಕು ಅಷ್ಟೇ — ಎಲ್ಲಿತ್ತೋ ಆ ಧೈರ್ಯ, ನಾಲಿಗೆ ಅವಳದೇ, ಆದರೆ ಮಾತು ಅವಳಿಗೇ ಹೊಸದು. ಅದೇ ಆದೇಶವಾಯಿತು, ಅವಳೊಬ್ಬಳಿಗಲ್ಲ, ಎಲ್ಲ ಡಿಪೋದ ಎಲ್ಲ ಡ್ರೈವರುಗಳಿಗೂ.

ರೈಟ್ ರೈಟ್, ಕಂಡಕ್ಟರಣ್ಣ ಬಾಗಿಲು ಬಡಿದ, ಗೇಟು ತೆರೆಯುತ್ತಿದೆ, ಹೊರಗೆ ರಸ್ತೆ, ಆಹಾ ರಸ್ತೆ, ಗೇರ್ ಹಾಕಬೇಕು — ಪೀಂ ಪೀಂ. ಕಾಲು ಬ್ರೇಕಿನ ಮೇಲೆ ಗಟ್ಟಿಯಾಯಿತು, ಬಂತೇ ಮತ್ತೆ, ಎಲ್ಲ ಮೊದಲಿನಂತೆಯೇ ಏನು, ಅಷ್ಟರಲ್ಲಿ ಸ್ಪೀಕರ್ ಗೊರಗೊರ ಅಂದು ಕಂಟ್ರೋಲ್ ರೂಮಿನ ಹುಡುಗಿಯ ದನಿ, ಅಕ್ಕಾ, ನಿದ್ದೆ ಅಂತ ತೋರಿಸ್ತಿದೆ, ಎಚ್ಚರ ಇದ್ದೀರಾ? ಕೇಳಿದಳು, ಕೇಳಿಯೇಬಿಟ್ಟಳು, ಕಂಡು ಗೊತ್ತಿಲ್ಲದ ಹುಡುಗಿ, ಇದ್ದೀನಮ್ಮಾ, ಎಚ್ಚರವಾಗೇ ಇದ್ದೀನಿ, ಸರಿ ಅಕ್ಕಾ, ಹೋಗ್ಬನ್ನಿ. ಇಷ್ಟೇ ಬೇಕಾಗಿತ್ತು, ಇಷ್ಟಕ್ಕೇ ಕಣ್ಣು ತುಂಬಿತು, ಅವಳು ರೆಪ್ಪೆ ಬಡಿದು ನೀರು ಕೆಡವಿದಳು, ಗೇರ್ ಹಾಕಿದಳು, ಅಜ್ಜಿಯ ತೋರುಬೆರಳು, ಏಳೇ ನಿದ್ದೆಗಣ್ಣಿ, ಬೆಳಗಾಯ್ತು, ಮೇಲೆ ಆ ಕೆಂಪು ಚುಕ್ಕೆ ನೋಡುತ್ತಲೇ ಇದೆ, ಪಾಪ, ಅದಕ್ಕೆ ಎತ್ತುವುದಕ್ಕೊಂದು ರೆಪ್ಪೆಯೂ ಇಲ್ಲ, ಕೆಂಪು ಚುಕ್ಕೆ, ರೆಪ್ಪೆಯಿಲ್ಲದ ಕೆಂಪು ಚುಕ್ಕೆ —