ಅಟ್ಟದ ಕಾಯಿ ಮತ್ತು ‘ಪ್ರೊಡಕ್ಟಿವ್’

ಶಾಲೆಯ ಇಂಗ್ಲಿಷ್ ದಿನಕ್ಕೆ ನನ್ನ ಮಗಳು ಕೃತಿಕಾಳ ಪಾಲಿಗೆ ಬಂದ ಪದ ‘ಪ್ರೊಡಕ್ಟಿವ್’. ಮನೆಯಿಂದ ಒಂದು ವಸ್ತು ತಂದು, ಅದನ್ನು ತೋರಿಸಿ, ಎಲ್ಲರೆದುರು ಇಂಗ್ಲಿಷಿನಲ್ಲಿ ಮಾತಾಡಬೇಕು. ಹೋದ ವರ್ಷ ಅವಳು ಬಾಯೇ ಬಿಡದೆ ಅತ್ತುಕೊಂಡು ಓಡಿಬಂದಿದ್ದಳು. ಈ ಸಲವೂ ಹಾಗಾದರೆ ಇನ್ನೆಂದೂ ನಾಲ್ಕು ಜನರೆದುರು ನಿಲ್ಲುವುದಿಲ್ಲವೇನೋ ಎಂಬ ಭಯ ನನಗೆ.

ಪದ ಮಾತ್ರ ನಮಗೆ ಹೊಸದಲ್ಲ. ನಾನು ಕಾಲರ್ ಹೊಲಿಯುವ ತಿಪಟೂರಿನ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಬಾಯಲ್ಲಿ ದಿನವೂ ಅದೇ. ತೋಟ ನೋಡಲು ಬಂದ ಅಧಿಕಾರಿ ಚೆನ್ನಾಗಿ ಕಾಯಿ ಬಿಡುವ ಮರಕ್ಕೆ ಹಾಗೆಂದರು. ನಮ್ಮತ್ತೆ ಹೊಂಬಾಳಮ್ಮನ ಕಫದ ಕೆಮ್ಮಿಗೆ ಡಾಕ್ಟರೂ ಹಾಗೇ ಅಂದರು.

“ಕಫಕ್ಕೂ ಅದೇ, ಕಾಯಿಗೂ ಅದೇನಾ? ಇಂಗ್ಲಿಷ್‌ನೋರಿಗೆ ಮಾತಿಗೆ ಬರ ಕಣೇ!” ಎಂದು ಅತ್ತೆ ನಕ್ಕರು.

“ನಾನು ಅಟ್ಟದ ಕಾಯಿ ತೋರುಸ್ತೀನಿ ಅಜ್ಜಿ,” ಎಂದಳು ಕೃತಿಕಾ. “ನೋಡೋಕೆ ಸುಮ್ನೆ ಬಿದ್ದಿರ್ತದೆ, ಒಳಗೊಳಗೇ ಕೊಬ್ಬರಿ ಆಗ್ತಿರ್ತದೆ.”

ಅವಳೆಂದದ್ದು ಸರಿ. ಸುಲಿಯದ ಕಾಯಿಯನ್ನು ಅಟ್ಟಕ್ಕೇರಿಸಿ ತಿಂಗಳುಗಟ್ಟಲೆ ಬಿಡುತ್ತೇವೆ. ನೀರೆಲ್ಲ ಇಂಗಿ, ಕೊಬ್ಬರಿ ಉಂಡೆಯಾಗಿ ಚಿಪ್ಪಿನೊಳಗೆ ಗಡಗಡ ಅಂದಾಗಲೇ ಇಳಿಸುವುದು.

ಇಂಗ್ಲಿಷ್ ದಿನದ ಬೆಳಿಗ್ಗೆ ನನ್ನ ಗಂಡ ಗಂಗರಾಜು ಫೋನಿನಲ್ಲಿ ಮಾತಾಡುತ್ತಲೇ ಅಟ್ಟ ಹತ್ತಿ, ಕೈಗೆ ಸಿಕ್ಕ ಕಾಯಿ ಇಳಿಸಿ, ಸುಲಿದು ಅವಳ ಚೀಲಕ್ಕೆ ಹಾಕಿದರು. ನಾನು ಅರ್ಧ ದಿನ ರಜೆ ಹಾಕಿ ಅವಳೊಂದಿಗೆ ಶಾಲೆಗೆ ಹೋದೆ.

ಕೃತಿಕಾ ಮುಂದೆ ಬಂದು, “ದಿಸ್ ಕೋಕೊನಟ್ ಈಸ್ ಪ್ರೊಡಕ್ಟಿವ್. ನೋ ವಾಟರ್ ಇನ್‌ಸೈಡ್,” ಎಂದು ಕಾಯಿಯನ್ನು ಕಪ್ಪುಹಲಗೆಯ ಕೆಳಗಿನ ಮೆಟ್ಟಿಲ ಕಲ್ಲಿಗೆ ಬಡಿದಳು. ನೀರು ಚಿಲ್ಲೆಂದು ಮಿಸ್ ಸೀರೆಗೆ ಹಾರಿತು.

ನನ್ನ ಗಂಡ ಹಳೇ ಕಾಯಿ ಬಿಟ್ಟು, ಮೊನ್ನೆಯಷ್ಟೇ ಅಟ್ಟಕ್ಕೇರಿಸಿದ ಹೊಸ ರಾಶಿಗೆ ಕೈ ಹಾಕಿದ್ದಾರೆ!

ತರಗತಿಯೆಲ್ಲ ಹೋ ಎಂದು ನಕ್ಕಿತು. ಕೃತಿಕಾಳ ಕೆಳದುಟಿ ನಡುಗಿತು. ಬಾಗಿಲ ಕಡೆ ನೋಡಿದಳು.

“ಇದೇನೇ ಪ್ರೊಡಕ್ಟಿವ್ವು?” ಎಂದು ಸಿದ್ಧಾರ್ಥ್ ಅನ್ನುವ ಹುಡುಗ ಕೂಗಿದ.

ಅವಳು ತಟ್ಟನೆ ಅವನತ್ತ ತಿರುಗಿದಳು. “ಇಟ್ ವಾಸ್ ವರ್ಕಿಂಗ್! ಮೈ ಫಾದರ್ ಡಿಸ್ಟರ್ಬ್!”

ಈಗ ಮಿಸ್ಸೇ ಸೀರೆ ಒರೆಸಿಕೊಳ್ಳುತ್ತ ನಕ್ಕರು. ಕೃತಿಕಾ ನಿಲ್ಲಿಸಲಿಲ್ಲ. ಅಟ್ಟ, ಹೊಗೆ, ಇಲಿ, ಕೆಮ್ಮುವ ಅಜ್ಜಿ, ಎಲ್ಲವನ್ನೂ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಹೇಳಿದಳು.

“ಮತ್ತೆ ಕೊಬ್ಬರಿ ಆಗೋದು ಯಾವಾಗ ಹೇಳೇ?” ಸಿದ್ಧಾರ್ಥ್ ಬಿಡಲಿಲ್ಲ.

“ನೀನು ದಿನಾ ಬಂದು ಅಲ್ಲಾಡ್ಸಿದ್ರೆ ಆಗಲ್ಲ ಕಣ್ಲಾ, ಅದ್ರ ಪಾಡಿಗೆ ಬುಡ್ಬೇಕು!”

“ಇಂಗ್ಲಿಷಮ್ಮ, ಇಂಗ್ಲಿಷ್,” ಎಂದರು ಮಿಸ್.

ಕೃತಿಕಾ ಸೊಂಟದ ಮೇಲೆ ಕೈಯಿಟ್ಟು, “ನೋ ಶೇಕಿಂಗ್!” ಎಂದು ಗದರಿದಳು.