ತಾಮ್ರದ್ದು, ಎರಡನೇ ನಂಬರು

ಸುಳ್ಳು ಹೇಳಬೇಕಾಗಿತ್ತು. ನಲವತ್ತು ವರ್ಷ ಹೇಳಿಕೊಂಡು ಬಂದವನಿಗೆ ಇನ್ನೊಂದು ದಿನ ಹೇಳುವುದಕ್ಕೆ ಏನು ಧಾಡಿಯಾಗಿತ್ತು? ಆದರೆ ಅವತ್ತು ಬೆಳಿಗ್ಗೆ ಗೆಳೆಯ ಹಿಲ್ಮೊ ತನ್ನ ಮನೆಯಲ್ಲಿ ಕಾಫಿ ಬಟ್ಟಲು ಕೆಳಗಿಡುತ್ತ, "ಮೀನು ಏನಕ್ಕೆ ಬೀಳ್ತಿದೆಯೋ ಈಗ?" ಎಂದು ಕೇಳಿದಾಗ ನನ್ನ ಹಾಳು ಬಾಯಿ ನಿಜ ಹೇಳಿಬಿಟ್ಟಿತು.

"ತಾಮ್ರದ್ದು, ಎರಡನೇ ನಂಬರು. ಗಿರಣಿ ಕೆಳಗಿನ ಮಡುವಲ್ಲಿ ಬಂಡೆ ಆಚೆಗೆ ಎಸಿ. ಮುಳುಗೋಕೆ ಬಿಟ್ಟು ಮೂರು ಎಣಿಸು. ಆಮೇಲೆ ನಿಧಾನಕ್ಕೆ ದಾರ ಸುತ್ತು."

ಹಿಲ್ಮೊನ ಮುಖ ಬಿಳಿಚಿಕೊಂಡಿತು.

ನಮ್ಮ ಸ್ತುದೆನಾ ನದಿಯಲ್ಲಿ ಟ್ರೌಟ್ ಮೀನು ಹಿಡಿಯುವವರು ತಗಡಿನ ವಿಷಯದಲ್ಲಿ ಒಬ್ಬರಿಗೊಬ್ಬರು ನಿಜ ಹೇಳುವುದಿಲ್ಲ. ತಗಡು ಎಂದರೆ ಗಾಳದ ಮೇಲೆ ಗಿರ್ರನೆ ತಿರುಗುವ, ಹೆಬ್ಬೆರಳಿನ ಉಗುರಿನಷ್ಟು ಲೋಹದ ಎಲೆ; ನಂಬರು ಏರಿದ ಹಾಗೆ ಎಲೆಯೂ ದೊಡ್ಡದು. ಅದರ ಮಿಂಚನ್ನು ಮರಿಮೀನೆಂದು ನಂಬಿ ಟ್ರೌಟ್ ಬಾಯಿ ಹಾಕುತ್ತದೆ. ನೀರು ಕದಡಿದ್ದರೆ ಒಂದು ಬಣ್ಣ, ತಿಳಿಯಾಗಿದ್ದರೆ ಇನ್ನೊಂದು, ಬಿಸಿಲಿಗೆ ಬೇರೆ, ಮೋಡಕ್ಕೆ ಬೇರೆ. ಅಷ್ಟು ಕಂಡುಕೊಳ್ಳುವುದರೊಳಗೆ ಕೂದಲು ಹಣ್ಣಾಗಿರುತ್ತದೆ. ಪುಕ್ಕಟೆ ಬಿಟ್ಟುಕೊಡುವುದಕ್ಕೆ ನಮಗೇನು ತಲೆ ಕೆಟ್ಟಿದೆಯೇ? ತಾಮ್ರಕ್ಕೆ ಬೀಳುತ್ತಿದ್ದರೆ ಬೆಳ್ಳಿ ಎನ್ನುತ್ತೇವೆ. ಕೇಳಿದವನು "ಹೌದಾ, ಒಳ್ಳೇದಾಯ್ತು ಬಿಡು" ಎಂದು ಹೋಗಿ ಬೆಳ್ಳಿಯೊಂದನ್ನು ಬಿಟ್ಟು ಮಿಕ್ಕೆಲ್ಲ ಕಟ್ಟುತ್ತಾನೆ. ನಮ್ಮ ಸ್ನೇಹವೆಲ್ಲ ಹೀಗೇ ನಡೆಯುವುದು.

ನಿಜ ಹೇಳುವುದು ಸಾಯಲು ಮಲಗಿದವನಿಗೆ ಮಾತ್ರ. ಎರಡು ವರ್ಷದ ಹಿಂದೆ ನಮ್ಮ ಜೊತೆಗಾರ ಅವ್ದಾಗಾ ಹಾಸಿಗೆ ಹಿಡಿದಾಗ ನಾನೂ ಹಿಲ್ಮೊನೂ ಅವನ ಪಕ್ಕ ಕೂತು, ಡಬ್ಬಿ ತೆರೆದು, ಒಂದೊಂದೇ ತಗಡು ಎತ್ತಿ ತೋರಿಸಿ ಇದ್ದದ್ದು ಇದ್ದ ಹಾಗೆ ಹೇಳಿದೆವು. ಅವ್ದಾಗಾ ಎಲ್ಲ ಕೇಳಿಸಿಕೊಂಡು, "ಹಾಗಾದ್ರೆ ನನ್ನ ಕತೆ ಮುಗೀತು ಅನ್ನಿ" ಎಂದ. ಮೂರನೇ ದಿನ ಅವನನ್ನು ಮಣ್ಣು ಮಾಡಿ ಬಂದೆವು.

ಈಗ ಹಿಲ್ಮೊ ನನ್ನನ್ನೇ ದಿಟ್ಟಿಸುತ್ತ, "ಡಾಕ್ಟರು ನಿನ್ನ ಹತ್ರ ಏನಂದ್ರು?" ಎಂದು ಕೇಳಿದ.

"ಯಾವ ಡಾಕ್ಟರೋ? ನಾನು ಯಾರನ್ನೂ ನೋಡಿಲ್ಲ ಮಾರಾಯ!"

"ಮತ್ತೆ ನಿಜ ಯಾಕೆ ಹೇಳಿದೆ?"

ಹಿಲ್ಮೊನ ಹೃದಯದ ಕವಾಟ ಬದಲಾಯಿಸಬೇಕಾಗಿತ್ತು. ಸರಾಯೆವೊದ ಆಸ್ಪತ್ರೆಯಲ್ಲಿ ಹಾಸಿಗೆ ಗೊತ್ತಾಗಿತ್ತು. ಅವತ್ತು ಸಂಜೆ ನಾಲ್ಕಕ್ಕೆ ಅವನ ಅಣ್ಣನ ಮಗ ನೆರ್ಮಿನ್ ಕಾರು ತರುವವನಿದ್ದ. ಡಾಕ್ಟರಿಗೆ ಹೆದರಿಕೆಯಿತ್ತೋ ಇಲ್ಲವೋ, ನನಗಂತೂ ಇತ್ತು. ಒಂದು ವಾರದಿಂದ ಕಣ್ಣು ಮುಚ್ಚಿರಲಿಲ್ಲ. ಇವನೊಬ್ಬ ಹೋದರೆ ನಾನು ಯಾರಿಗೆ ಸುಳ್ಳು ಹೇಳಲಿ ಎಂಬುದೇ ಯೋಚನೆ. ಆ ಹೆದರಿಕೆಯೇ ಬಾಯಿಂದ ತಾಮ್ರವಾಗಿ ಬಿದ್ದಿತ್ತು.

ಹಿಲ್ಮೊ ಎದ್ದ. ಆಸ್ಪತ್ರೆಗೆಂದು ಬಾಗಿಲ ಬಳಿ ಕಟ್ಟಿಟ್ಟಿದ್ದ ಚೀಲವನ್ನು ಎತ್ತಿ ಒಳಗಿನ ಕೋಣೆಗೆ ಎಸೆದ. "ಸಾಯೋದೇ ಆದ್ರೆ ಇಲ್ಲೇ ಸಾಯ್ತೀನಿ. ಎದೆ ಸೀಳಿಸ್ಕೊಂಡು ಯಾಕೆ ಸಾಯ್ಲಿ? ನೆರ್ಮಿನ್‌ಗೆ ಬರಬೇಡ ಅಂತ ಹೇಳು" ಎಂದವನೇ ಉಬ್ಬಸಪಡುತ್ತ ನದಿಯ ಕಡೆ ಇಳಿದುಹೋದ.

ಅವನ ಹೆಂಡತಿ ರಾಬಿಯಾ ಕೈಯಲ್ಲಿ ಲಟ್ಟಣಿಗೆ ಹಿಡಿದೇ ಅಡುಗೆಮನೆಯಿಂದ ಬಂದಳು. "ಏನಂದ್ರಿ ಅವರಿಗೆ?"

"ತಗಡಿನ ವಿಷಯ ಕೇಳ್ದ. ಹೇಳ್ದೆ."

"ನಿಜಾನಾ?"

ನಾನು ತಲೆ ತಗ್ಗಿಸಿದೆ.

"ಅಯ್ಯೋ ನಿಮ್ಮ ಬಾಯಿಗಿಷ್ಟು ಬೆಂಕಿ ಹಾಕ! ನಲವತ್ತು ವರ್ಷ ಇಲ್ಲದ ಸತ್ಯ ಇವತ್ತೇ ಉಕ್ಕಿ ಬರಬೇಕಿತ್ತಾ? ಎರಡು ತಿಂಗಳು ಅತ್ತೂ ಕರೆದೂ ಒಪ್ಪಿಸಿದ್ದೆ ಶೆಫ್ಕೊ ಅಣ್ಣ, ಎರಡು ತಿಂಗಳು! ಹಿಂಗೇ ಬಿಟ್ರೆ ಚಳಿಗಾಲ ದಾಟಲ್ಲ ಅಂತ ಡಾಕ್ಟರು ಅಂದಿದ್ದಾರೆ. ನಾಲ್ಕು ಗಂಟೆ ಒಳಗೆ ಅವರು ಕಾರು ಹತ್ತಬೇಕು. ನೀವೇ ಕೆಡಿಸಿದ್ದು, ನೀವೇ ಸರಿ ಮಾಡಿ."

ಲಟ್ಟಣಿಗೆಯೇಟು ಬಿದ್ದಿದ್ದರೂ ಅಷ್ಟು ನೋಯುತ್ತಿರಲಿಲ್ಲ. ಕಾಲು ಸುಟ್ಟ ಬೆಕ್ಕಿನ ಹಾಗೆ ಅವರ ಅಂಗಳದಿಂದ ನಮ್ಮ ಮನೆಗೆ, ನಮ್ಮ ಮನೆಯಿಂದ ಸೇತುವೆಗೆ, ಸೇತುವೆಯಿಂದ ಮತ್ತೆ ಅಂಗಳಕ್ಕೆ ತಿರುಗಿದೆ. ಹೆಂಡತಿ ಊಟಕ್ಕೆ ಕರೆದರೆ ರೇಗಿದೆ. ಸಿಗರೇಟು ಹಚ್ಚಿದೆ, ಬಿಸಾಕಿದೆ, ಮತ್ತೆ ಹಚ್ಚಿದೆ. ಎರಡು ಗಂಟೆಯಾಯಿತು. ದಾರಿ ಇದ್ದದ್ದು ಒಂದೇ. ಬೆಳಿಗ್ಗೆ ನಾನು ಹೇಳಿದ್ದು ಸುಳ್ಳಾಗಬೇಕು.

ಗಾಳದ ಕೋಲು, ಡಬ್ಬಿ ಎತ್ತಿಕೊಂಡು ಗಿರಣಿಗೆ ಓಡಿದೆ. ಹಿಲ್ಮೊ ಮಡುವಿನ ಎದುರು ಕಲ್ಲುಕಟ್ಟೆಯ ಮೇಲೆ ಕೋಲೂ ಇಲ್ಲದೆ ಸುಮ್ಮನೆ ಕೂತಿದ್ದ.

"ಏನು, ನಂಬಿಬಿಟ್ಟೆಯಾ?" ಎಂದು ಗಟ್ಟಿಯಾಗಿ ನಕ್ಕೆ. ನಗು ನನ್ನ ಕಿವಿಗೇ ಕಹಿಯಾಗಿತ್ತು. "ತಾಮ್ರ ಅಂತೆ! ಈ ಬಾರಿ ಎಲ್ಲ ಬೆಳ್ಳಿಗೇ ಕಣೋ. ಅದೂ ನಾಲ್ಕನೇ ನಂಬರಿಗೆ."

"ಹೋಗೋ, ಹೋಗೋ. ನಿನ್ನ ಸುಳ್ಳು ಮೋರೆ ನನಗೆ ಗೊತ್ತಿಲ್ವಾ? ಬೆಳಿಗ್ಗೆ ಆ ಮೋರೆ ಇರಲಿಲ್ಲ."

"ಹಂಗಾದ್ರೆ ನೋಡ್ತಾ ಇರು. ಬೆಳ್ಳಿಗೆ ಬಿದ್ರೆ ಕಾರು ಹತ್ತಬೇಕು."

"ಬೀಳಲಿ, ಆಮೇಲೆ ಮಾತಾಡು."

ಕಟ್ಟಿದೆ ಬೆಳ್ಳಿಯನ್ನು. ಎಸೆದೆ. ಸೆಪ್ಟೆಂಬರಿನ ಬಿಸಿಲು, ತಳದ ಕಲ್ಲು ಎಣಿಸುವಷ್ಟು ತಿಳಿನೀರು. ಅಂಥ ನೀರಿನಲ್ಲಿ ಆ ದೊಡ್ಡ ಬೆಳ್ಳಿ ತಗಡು ಮದುವೆ ಮನೆಗೆ ಬಂದ ಬ್ಯಾಂಡಿನ ಹಾಗೆ ಗದ್ದಲ ಮಾಡುತ್ತ ಬಂತು. ಒಂದು ಮೀನು ಬಂಡೆಯ ನೆರಳಿನಿಂದ ಹೊರಟು, ಎರಡು ಮಾರು ಹಿಂಬಾಲಿಸಿ, ಹತ್ತಿರದಿಂದ ನೋಡಿ ವಾಪಸು ಹೋಯಿತು. ಮತ್ತೆ ಎಸೆದೆ. ಬೇಗ ಸುತ್ತಿದೆ, ನಿಧಾನಕ್ಕೆ ಸುತ್ತಿದೆ, ಕುಲುಕಿದೆ, ನಿಲ್ಲಿಸಿದೆ. ಮುಕ್ಕಾಲು ಗಂಟೆ! ದರಿದ್ರ ಮೀನುಗಳು, ಒಂದಕ್ಕಾದರೂ ಹಿಲ್ಮೊನ ಮೇಲೆ ಕರುಣೆಯಿರಲಿಲ್ಲ.

"ಸಾಕು ಬಿಡೋ ಶೆಫ್ಕೊ," ಹಿಲ್ಮೊ ಮೆಲ್ಲಗೆ ಹೇಳಿದ. ಅವನು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಇಲ್ಲಿ ನಿನ್ನ ನೆರಳು ಬಿದ್ದು ಹೆದರ್ತಿವೆ. ತಿರುವಿನ ಆಚೆ ನೋಡ್ತೀನಿ. ಎದ್ದು ಹೋಗಬೇಡ!" ಎಂದು ರೇಗಿ, ಪೊದೆ ನುಗ್ಗಿಕೊಂಡು ತಿರುವಿನ ಆಚೆಗೆ ಹೋದೆ. ಅವನ ಕಣ್ಣಿಗೆ ಮರೆಯಾದದ್ದೇ ತಡ, ಬೆಳ್ಳಿ ಬಿಚ್ಚಿ ತಾಮ್ರ ಕಟ್ಟಿದೆ. ಮೂರನೇ ಎಸೆತಕ್ಕೆ ಕೋಲು ಬಾಗಿತು. ಮೊಳದುದ್ದದ ಮೀನು, ಹೊಟ್ಟೆ ಬೆಣ್ಣೆಯ ಬಣ್ಣ, ಮೈತುಂಬ ಕೆಂಪು ಚುಕ್ಕೆ. ಬೇರೆ ದಿನವಾಗಿದ್ದರೆ ಕುಣಿದಿರುತ್ತಿದ್ದೆ.

ಸೊಂಟದವರೆಗೆ ನೀರಿಗಿಳಿದು ಮೀನನ್ನು ತೊಡೆಗಳ ನಡುವೆ ಒತ್ತಿ ಹಿಡಿದೆ. ಎಂಥ ತಣ್ಣೀರು, ದೇವರೇ! ತಾಮ್ರವನ್ನು ಅದರ ಬಾಯಿಂದ ಬಿಡಿಸಿ, ದಾರದಿಂದ ಬಿಚ್ಚಿ ಜೇಬಿಗೆ ಹಾಕಿದೆ. ಹಲ್ಲಿನಲ್ಲಿ ದಾರ ಕಚ್ಚಿಕೊಂಡು, ಮರಗಟ್ಟಿದ ಬೆರಳಲ್ಲಿ ಬೆಳ್ಳಿಯ ಗಂಟು ಹಾಕಿದೆ. ಮೀನು ಒದೆಯಿತು, ನಾನು ಬೈದೆ, "ತಪ್ಪಾಯ್ತಮ್ಮಾ" ಎಂದೂ ಅಂದೆ. ಹೇಗೋ ಬೆಳ್ಳಿಯ ಗಾಳದ ಮುಳ್ಳನ್ನು ಅದರ ತುಟಿಗೆ ಚುಚ್ಚಿ ನೀರಿಗೆ ಬಿಟ್ಟು, ದಾರ ಬಿಗಿಯಾಗಿ ಹಿಡಿದು ತಿರುವು ದಾಟಿ ಬಂದೆ.

"ಹಿಲ್ಮೊ! ನೋಡೋ! ಹೊಡೀತು ಕಣೋ!"

ಅವನು ಎದ್ದು ನಿಂತ. ಮೀನು ಮಡುವಿನಲ್ಲಿ ಎರಡು ಸುತ್ತು ಹಾಕಿ ಅವನ ಕಾಲ ಬಳಿಗೇ ಬಂತು. ಹಿಲ್ಮೊ ಬಗ್ಗಿ ಅದನ್ನು ಕೈಯಲ್ಲಿ ತೆಗೆದುಕೊಂಡ. ಬಾಯಿ ನೋಡಿದ. ತುಂಬಾ ಹೊತ್ತು ನೋಡಿದ. ನನ್ನ ಷರಾಯಿಯಿಂದ ನೀರು ಸೋರುತ್ತಿತ್ತು. ಕೊನೆಗೆ ಗಾಳ ಬಿಡಿಸಿ, ಮೀನನ್ನು ನೀರಿಗೆ ಬಿಟ್ಟು, ನನ್ನ ಕಡೆ ತಿರುಗಿ ಊರಿಗೆಲ್ಲ ಕೇಳುವ ಹಾಗೆ ಕೂಗಿದ.

"ಲೋ ನಾಯಿ! ಬೆಳ್ಳಿಗೆ ಬೀಳ್ತಿದ್ರೆ ತಾಮ್ರ ಅಂತೀಯೇನೋ? ಆಸ್ಪತ್ರೆಗೆ ಹೋಗೋನಿಗೂ ಸುಳ್ಳು ಹೇಳ್ತೀಯಲ್ಲೋ, ನಿನಗೆ ಮಾನ ಮರ್ಯಾದೆ ಇದೆಯಾ?"

"ಇಲ್ಲ ಕಣೋ, ಇಲ್ಲ! ಯಾವತ್ತಿತ್ತು?" ಎಂದೆ. ಬೈಗುಳ ತಿಂದು ಅಷ್ಟು ಸುಖಪಟ್ಟವರು ಆ ಕಣಿವೆಯಲ್ಲಿ ಬೇರೆ ಯಾರೂ ಇರಲಾರರು.

ನಾಲ್ಕಕ್ಕೆ ಹತ್ತು ನಿಮಿಷವಿರುವಾಗಲೇ ಕಾರು ಬಂತು. ರಾಬಿಯಾ ಚೀಲವನ್ನು ಎದೆಗವಚಿಕೊಂಡು ಹಿಂದಿನ ಸೀಟಿನಲ್ಲಿ ಕೂತಳು. ಹಿಲ್ಮೊ ನದಿಯಿಂದ ದಾರಿಯುದ್ದಕ್ಕೂ ನನ್ನ ಏಳು ತಲೆಮಾರನ್ನು ಬೈದುಕೊಂಡೇ ಬಂದು ಮುಂದೆ ಕೂತ. ನಾನು ಬಾಗಿಲು ಹಾಕಹೋದಾಗ ನನ್ನ ಒದ್ದೆ ತೋಳು ಹಿಡಿದು ಬಗ್ಗಿಸಿಕೊಂಡ. ದನಿ ತಗ್ಗಿಸಿದ.

"ಟ್ರೌಟ್ ತಾನಾಗಿ ಗಾಳ ಕಚ್ಚಿದ್ರೆ ಮುಳ್ಳು ತುಟಿ ಒಳಗಿಂದ ಹೊರಗೆ ಬರುತ್ತೆ ಶೆಫ್ಕೊ. ನಿನ್ನ ಮೀನಿಗೆ ಹೊರಗಿಂದ ಒಳಕ್ಕೆ ಹೋಗಿತ್ತು."

ನನ್ನ ಕಿವಿ ಬಿಸಿಯಾಯಿತು. ಅವಸರದಲ್ಲಿ ತಿರುಗಾಮುರುಗಾ ಚುಚ್ಚಿದ್ದೆ! ಅದನ್ನು ಹಸುಗೂಸೂ ಕಂಡುಹಿಡಿಯುತ್ತಿತ್ತು.

"ಮತ್ತೆ... ಮತ್ತೆ ಯಾಕೆ ಹೊರಟೆ?"

"ಸಾಯೋನಿಗೆ ಸುಳ್ಳು ಹೇಳೋಕೆ ಅಂತ ಯಾರಾದ್ರೂ ಆ ನೀರಿಗೆ ಇಳೀತಾರೇನೋ, ಹುಚ್ಚ?" ಎಂದ. "ನನ್ನನ್ನ ವಾಪಸು ಕರೆಸ್ಕೊಳ್ಳೋ ಆಸೆ ನಿನಗೆ ಅಷ್ಟಿದ್ರೆ, ನಾನ್ಯಾಕೆ ಬೇಡ ಅನ್ಲಿ? ಬಾಗಿಲು ಹಾಕು, ಚಳಿ."

ಬಾಗಿಲು ಹಾಕಿದೆ. ಕಾರು ಸೇತುವೆ ದಾಟುವ ತನಕ ಹೇಗೋ ತಡೆದುಕೊಂಡೆ. ಆಮೇಲೆ ನಡುರಸ್ತೆಯಲ್ಲಿ, ಒದ್ದೆ ಷರಾಯಿಯಲ್ಲಿ ನಿಂತು, ಯಾರು ನೋಡಿದರೆ ನನಗೇನು ಎಂದುಕೊಂಡು ಬಿಕ್ಕಿಬಿಕ್ಕಿ ಅತ್ತೆ.