ಹಲ್ಲುಹಲಗೆ

ಗೂಟ ಬಿಗಿಯಾಗಿ ಕೂತಿತ್ತು. ದೊಡ್ಡ ಸೊಸೆ ಅದಕ್ಕೆ ಬಟ್ಟೆ ಸುತ್ತಿ, ಹಲಗೆಯನ್ನು ಮೊಣಕಾಲಿಗೆ ಒತ್ತಿಕೊಂಡು ತಿರುಚಿದಾಗ ಕಿರ್ರೆಂದು ಈಚೆ ಬಂತು. ಮೈದುನನ ಹೆಂಡತಿ, ಮನೆಯ ಚಿಕ್ಕ ಸೊಸೆ, ನೀರು ತರಲು ಹೋಗಿದ್ದಳು. ಅವಳ ಬಕೆಟ್ಟಿನ ಸದ್ದು ಇನ್ನೂ ಬಾವಿಯ ಕಡೆಯಿಂದಲೇ ಕೇಳುತ್ತಿತ್ತು. ನಡುವಿನ ಆ ಗೂಟವನ್ನು ಪಕ್ಕದ ಗೂಟದ ಮಗ್ಗುಲಿನ ತೂತಿಗೆ ತುರುಕಿ, ಕಲ್ಲಿನಿಂದ ಮೆಲ್ಲಗೆ ತಟ್ಟಿ, ಹಲಗೆಯನ್ನು ಮೊದಲಿದ್ದಂತೆ ಬೇಲಿಗೆ ಒರಗಿಸಿದಳು. ಆಮೇಲೆ ಸಸಿಯ ಬುಟ್ಟಿಯ ಮುಂದೆ ಏನೂ ಅರಿಯದವಳಂತೆ ಕುಕ್ಕರಗಾಲಲ್ಲಿ ಕೂತಳು.

ಆ ಹಲಗೆ ಚಿಕ್ಕವಳ ಕೈಕೆಲಸ. ಮುರಿದ ಮಂಚದ ಪಟ್ಟಿಗೆ ಸಾಲಾಗಿ ತೂತು ಕೊರೆದು, ಹಳೇ ಕುರ್ಚಿಯ ಕಾಲು ಕತ್ತರಿಸಿ ಗೂಟ ಮಾಡಿ, ಹಿಡಿಯಲು ಪೊರಕೆಯ ಕೋಲು ಬಡಿದಿದ್ದಳು. ಕೋಸಿಗಾದರೆ ಗೂಟಗಳನ್ನು ದೂರ ದೂರ ಚುಚ್ಚುವುದು, ಈರುಳ್ಳಿಗಾದರೆ ಹತ್ತಿರ ಹತ್ತಿರ. ಹದವಾದ ಮಡಿಯ ಮೇಲಿಟ್ಟು ಒಮ್ಮೆ ತುಳಿದರೆ ಸಾಲು ಗುಣಿ ಬೀಳುತ್ತಿತ್ತು. ಒಂದೊಂದಕ್ಕೆ ಒಂದೊಂದು ಸಸಿ ಇಳಿಸುತ್ತ ಹೋದರಾಯಿತು. ಕೇರಿಯವರು ಅದಕ್ಕೆ ಹಲ್ಲುಹಲಗೆ ಎಂದು ಹೆಸರಿಟ್ಟು, ಒಬ್ಬರಾದ ಮೇಲೊಬ್ಬರು ಎರವಲು ಒಯ್ಯುತ್ತಿದ್ದರು.

ಅದಕ್ಕೆ ಮುಂಚೆ ಆ ಮನೆಯ ಅಳತೆಗೋಲೆಂದರೆ ದೊಡ್ಡವಳ ಗೇಣು. "ಸಾಲು ಹಿಡಿಯೋದಾದ್ರೆ ನಮ್ಮ ದೊಡ್ಡವಳೇ ಹಿಡೀಬೇಕು, ಕಣ್ಣಲ್ಲೇ ದಾರ ಕಟ್ತಾಳೆ" ಎಂದು ಅತ್ತೆ ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಈಗ ಅದೇ ಅತ್ತೆ, ಅದೇ ಬಾಯಲ್ಲಿ, "ಪಾಪ, ಇಷ್ಟು ವರ್ಷ ನೀನು ಬಗ್ಗಿ ಬಗ್ಗಿ ಸೊಂಟ ಮುರ್ಕೊಂಡೆ" ಎನ್ನುತ್ತಿದ್ದಳು. ಆ 'ಪಾಪ' ದೊಡ್ಡವಳ ಎದೆಯಲ್ಲಿ ಮುಳ್ಳು ಮುರಿದಂತೆ ಕೂತಿತ್ತು.

ಚಿಕ್ಕವಳು ಹಲಗೆ ತುಳಿಯುತ್ತ ಮುಂದೆ ಮುಂದೆ ಹೋದಳು. ದೊಡ್ಡವಳು ಹಿಂದೆ ಕೋಸಿನ ಸಸಿ ನೆಡುತ್ತ ಬಂದಳು. ಎರಡು ಸಸಿ ಮೈಗೆ ಮೈ ತಾಗಿಸಿಕೊಂಡು, ಅದರಾಚೆ ಬಯಲು. ಎಲ್ಲ ಸಾಲಿನಲ್ಲೂ ಅದೇ. ಚಿಕ್ಕವಳು ತಿರುಗಿ ನೋಡುವಷ್ಟರಲ್ಲಿ ಮಡಿ ಮುಗಿದಿತ್ತು.

"ಅಯ್ಯೋ ಅಕ್ಕ, ಹಲ್ಲು ಚುಚ್ಚೋವಾಗ ತೂತು ತಪ್ಪಿದೀನಿ. ನೀವಾದ್ರೂ ಹೇಳ್ಬಾರ್ದಾ?"

"ನಿನ್ನ ಹಲಗೆ ವಿಚಾರ ನಂಗೇನು ಗೊತ್ತು? ಗುಣಿ ಇದ್ದ ಕಡೆ ನೆಟ್ಟೆ."

ಅತ್ತೆ ಬಂದು ನೋಡಿ, "ನನ್ನ ಬಾಯಿ ಥರಾನೇ ಇದೆ, ನಡುವೆ ಕಿಂಡಿ" ಎಂದು ನಕ್ಕಳು. ಅವತ್ತು ದೊಡ್ಡವಳಿಗೆ ಊಟ ರುಚಿಸಿತು.

ಆದರೆ ಚಿಕ್ಕವಳು ತಲೆ ಮೇಲೆ ಕೈಹೊತ್ತು ಕೂರುವ ಪೈಕಿಯಲ್ಲ. ಖಾಲಿ ಬಿದ್ದ ಜಾಗದಲ್ಲೆಲ್ಲ ಕೊತ್ತಂಬರಿ ಚೆಲ್ಲಿದಳು. ಕೋಸು ಗಡ್ಡೆ ಕಟ್ಟುವ ಹೊತ್ತಿಗೆ ಸೊಪ್ಪು ಕಿತ್ತು ಮಾರಿಯೂ ಆಗಿತ್ತು. ಒತ್ತಿಕೊಂಡು ಬೆಳೆದ ಜೋಡಿ ಕೋಸುಗಳು ಮುಷ್ಟಿಗಿಂತ ಸ್ವಲ್ಪವೇ ದೊಡ್ಡವಾಗಿ ನಿಂತುಬಿಟ್ಟವು. ಇಬ್ಬರೇ ಇರುವ ಮನೆಯವರು ಅವನ್ನೇ ಹುಡುಕಿಕೊಂಡು ಬಂದು ಕೊಂಡರು. "ಏನು ತಲೆ ನಿಮ್ಮ ಚಿಕ್ಕ ಸೊಸೇದು" ಎಂದು ಕೇರಿಗೆ ಕೇರಿಯೇ ಮಾತಾಡಿತು. ಆ ಕಿಂಡಿ ನನ್ನದು ಎಂಬ ಮಾತು ದೊಡ್ಡವಳ ಗಂಟಲವರೆಗೆ ಬರುತ್ತಿತ್ತು.

ಕೋಸೆಲ್ಲ ಕಿತ್ತು, ಮಡಿ ಅಗೆದು, ಗೂಟಗಳನ್ನು ಈರುಳ್ಳಿಗೆ ಬದಲಿಸಿದ್ದೂ ಆಯಿತು. ಆಗ ಪಕ್ಕದ ಮನೆಯ ದರ್ಜಿ ಹೆಂಗಸು ಹಲಗೆ ಕೇಳಿಕೊಂಡು ಬಂದಳು.

"ನಂಗೆ ಆ ಕಿಂಡಿ ಬರೋ ಹಾಗೇ ಹಾಕ್ಕೊಡು. ಬರೀ ನೇರ ಸಾಲು ಬೇಡ."

ಚಿಕ್ಕವಳು ಮೆಟ್ಟಿಲ ಮೇಲೆ ಹಲಗೆ ಮಲಗಿಸಿ, ನಡುವಿನದೊಂದು ಬಿಟ್ಟು ಉಳಿದ ಗೂಟಗಳನ್ನು ಕೋಸಿನ ಅಳತೆಗೆ ಚುಚ್ಚಿದಳು. ಆ ಒಂದನ್ನು ಚುಚ್ಚಿದಳು, ಕಿತ್ತಳು, ಇನ್ನೊಂದು ತೂತಿಗೆ ಚುಚ್ಚಿದಳು. "ಅವತ್ತು ಅದು ಹೇಗೆ ಬಿತ್ತೋ ದೇವರಿಗೇ ಗೊತ್ತು. ಕೈತಪ್ಪಿ ಆಗಿದ್ದು."

"ಕೈತಪ್ಪಿದ್ರೆ ಇಷ್ಟು ಚೆನ್ನಾಗಿ ಆಗುತ್ತಾ? ಹೇಳಿಕೊಡೋಕೆ ಮನಸ್ಸಿಲ್ಲ ಅನ್ನು" ಎಂದು ದರ್ಜಿ ಚುಡಾಯಿಸಿದಳು.

"ಇರಿ, ಇಲ್ಲೇ ಇರಬೇಕು."

"ಅಲ್ಲಲ್ಲ" ಎಂದಳು ದೊಡ್ಡವಳು.

ಬಾಗಿಲಲ್ಲಿ ನಿಂತಿದ್ದವಳು ಬಂದು, ಚಿಕ್ಕವಳ ಕೈಯಿಂದ ಗೂಟ ಇಸಿದುಕೊಂಡು, ಹುಡುಕದೆ, ಎಣಿಸದೆ, ಒಂದು ತೂತಿಗಿಟ್ಟು ಅಂಗೈಯಿಂದ ಗುದ್ದಿದಳು. "ಇಲ್ಲಿ."

"ಹೂಂ, ಇದೇ" ಎಂದು ದರ್ಜಿ ಹಲಗೆಯನ್ನು ಹೆಗಲಿಗೇರಿಸಿ ಹೊರಟಳು. ಚಿಕ್ಕವಳು ಹೋಗುವವಳ ಕಡೆ ನೋಡಲಿಲ್ಲ. ಅವಳ ಕಣ್ಣು ಅಕ್ಕನ ಕೈಯ ಮೇಲಿತ್ತು. ಕೆಂಪಗಾದ ಆ ಅಂಗೈಯನ್ನು ದೊಡ್ಡವಳು ಮೆಲ್ಲಗೆ ಮಡಚಿಕೊಂಡಳು. ಎಲ್ಲಿಡಬೇಕೆಂದು ತಿಳಿಯದೆ, ಹಾಗೇ ಹಿಡಿದುಕೊಂಡು ನಿಂತಳು.